ಮೂಲಕಣಗಳ ವಿಚಾರ

ವಿಜ್ಞಾನವನ್ನು ಜನರ ಬಾಗಿಲಿಗೆ ಒಯ್ಯುತ್ತೇನೆಂದು ಹೊರಟವರನ್ನು ಕಂಡರೆ ನನಗೆ ಈಗ ಸಿಟ್ಟು ಬರುತ್ತದೆ. ಮೊದಲ ಸಿಟ್ಟು ನನ್ನ ಮೇಲೆಯೇ. ನಿಜಾಮರ ಕಾಲದಲ್ಲಿ ನಾನು ಬೀದರಿನ ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಪರಮಾಣುವನ್ನೂ ಒಡೆಯಬಹುದು, ಅದರೊಳಗೆ ಇನ್ನೂ ಸಣ್ಣ ಕಣಗಳಿವೆ ಎಂದು ಹೈದರಾಬಾದಿನಿಂದ ತರಿಸಿದ ಪುಸ್ತಕದಲ್ಲಿ ಓದಿ ತಲೆ ತಿರುಗಿತ್ತು. ಇದನ್ನು ನಮ್ಮ ಜನಕ್ಕೆ ಕನ್ನಡದಲ್ಲೇ ಹೇಳಬೇಕೆಂಬ ಹುಚ್ಚು ಹಿಡಿಯಿತು. ಜೊತೆಯ ಮಾಸ್ತರರು ಕೋಣನ ಮುಂದೆ ಕಿನ್ನರಿ ಎಂದು ನಕ್ಕರು. ಅವರು ನಕ್ಕಷ್ಟೂ ನನ್ನ ಹಟ ಹೆಚ್ಚಿತು.

ಆಗ ಸಭೆ ಸೇರಿಸಲು ಸರ್ಕಾರದ ಪರವಾನಗಿ ಬೇಕಿತ್ತು. ಎರಡು ಕಡೆಗೆ ಕೇಳಿದೆ: ಭಾಲ್ಕಿ ಹತ್ತಿರದ ಒಂದು ಹಳ್ಳಿ, ಆಮೇಲೆ ಔರಾದ. ತಿಂಗಳುಗಟ್ಟಲೆ ಅಲೆದ ಮೇಲೆ ಹಳ್ಳಿಯದು ಸಿಕ್ಕಿತು. ವಿಷಯಕ್ಕೆ ‘ಮೂಲಕಣಗಳ ವಿಚಾರ’ ಎಂದು ಹೆಸರಿಟ್ಟಿದ್ದೆ. ಎಲೆಕ್ಟ್ರಾನು, ಪ್ರೋಟಾನುಗಳಿಗೆ ನಾನೇ ಕಟ್ಟಿದ ಮಾತು ಅದು, ಬಹಳ ಬೀಗಿದ್ದೆ. ರೈತನಿಗೆ ಕಣವೆಂದರೆ ರಾಶಿ ಮಾಡುವ ಜಾಗ ಎಂಬುದು ಈ ಪಂಡಿತನಿಗೆ ಹೊಳೆಯಲೇ ಇಲ್ಲ. ಡಂಗುರ ಹೊಡೆಯುವವನು ತನಗೆ ತಿಳಿದಂತೆ ಸಾರಿದ್ದ: “ನಾಳಿ ಚಾವಡಿ ಮುಂದ ಮೂಲ ಕಣದ ವಿಚಾರಣಿ ಅದ! ಸರ್ಕಾರಿ ಸಾಹೇಬ್ರು ಬರ್ತಾರ, ಎಲ್ಲಾರೂ ಬರ್ರಿ!” ಯಾವ ಕಣ ಮೂಲದಲ್ಲಿ ಯಾರದೆಂದು ಸರ್ಕಾರ ವಿಚಾರಿಸುತ್ತದೆ ಎಂದು ಊರು ತಿಳಿಯಿತು.

ಇದು ಯಾವುದೂ ಗೊತ್ತಿಲ್ಲದ ನಾನು ಚಾವಡಿ ಮುಂದೆ ಸೇರಿದ ಜನ ಕಂಡು ಉಬ್ಬಿಹೋದೆ. ಕಲ್ಲು, ಕಬ್ಬಿಣ, ನಮ್ಮ ಮೈ ಎಲ್ಲವೂ ಪರಮಾಣುಗಳಿಂದ ಆದದ್ದೆಂದು ಹೇಳಿದೆ. ಪರಮಾಣುವಿನ ರಚನೆ ತಿಳಿಯಲೆಂದು ಅವರು ಎತ್ತು ಕಟ್ಟಿ ರಾಶಿ ಮಾಡುವ ಹೋಲಿಕೆಯನ್ನೇ ಕೊಟ್ಟೆ: “ನಡುವ ಮೇಟಿ ಕಂಬ ನಿಂತದ. ಸುತ್ತ ಎತ್ತು ತಿರುಗ್ತಾವ. ಉಳದದ್ದೆಲ್ಲಾ ಖಾಲಿ.”

ಹಿಂದಿನಿಂದ ಒಬ್ಬ ವಿಧವೆ ಎದ್ದು ನಿಂತಳು. “ಆ ಮೇಟಿ ನನ್ನ ಗಂಡ ನೆಟ್ಟದ್ದದರಿ ಸಾಹೇಬ್ರ. ಅವ ಸತ್ತ ಮ್ಯಾಲ ಪಾಟೀಲ್ರು ಕಿತ್ತು ತಮ್ದು ನೆಟ್ಟಾರ. ಊರಿಗೆಲ್ಲಾ ಗೊತ್ತದ, ಕೇಳ್ರಿ.”

ಊರಿನ ಪಾಟೀಲ ನನ್ನ ಪಕ್ಕದಲ್ಲೇ ಕೂತಿದ್ದ. ಅವನೆದುರು ಈ ಮಾತಾಡಲು ಆಕೆ ಎಷ್ಟು ವರ್ಷ ಕಾದಿದ್ದಳೋ. ನನಗೆ ಮಾತ್ರ ನನ್ನ ಭಾಷಣ ಕೆಟ್ಟಿತೆಂಬ ಉರಿ. “ಅವ್ವಾ, ನಿಮ್ಮ ಕಣಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಕುಂದರ್ರಿ” ಎಂದು ಗದರಿದೆ. ಮೊದಲು ಪಾಟೀಲ ನಕ್ಕ. ಆಮೇಲೆ ಊರು ನಕ್ಕಿತು. ಮಧ್ಯಾಹ್ನ ನಾನು ಪಾಟೀಲನ ಮನೆಯಲ್ಲೇ ಉಂಡೆ, ಹೊಟ್ಟೆ ತುಂಬ.

ಸುಗ್ಗಿಗೆ ಮುಂಚೆ ಆಕೆ ನನ್ನನ್ನು ಹುಡುಕಿಕೊಂಡು ಬೀದರಿನ ಶಾಲೆಗೆ ಬಂದಳು. ಕಣಕ್ಕಾಗಿ ತಹಸೀಲ ಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದಳು. ಪಾಟೀಲ ಅಲ್ಲಿ ಹೋಗಿ, ಕಣಕ್ಕೂ ಈಕೆಗೂ ಸಂಬಂಧ ಇಲ್ಲವೆಂದು ಬೀದರಿನ ಸಾಹೇಬರೇ ಊರ ಮುಂದೆ ಹೇಳಿದ್ದಾರೆ ಎಂದನಂತೆ. ಕೇಳಿದ್ದು ಹೌದೆಂದು ನಾಲ್ಕು ಜನ ಸಾಕ್ಷಿಯನ್ನೂ ನುಡಿದಿದ್ದರು.

“ನೀವು ಅಂದದ್ದು ಬ್ಯಾರೆ ಕಣ ಅಂತ ಎರಡು ಸಾಲು ಬರದು ಕೊಡ್ರಿ. ಮುಂದಿನ ವಾರ ಕಚೇರ್ಯಾಗ ಪೇಶಿ ಅದರಿ” ಎಂದಳು.

ಔರಾದದ ಪರವಾನಗಿ ನನ್ನ ಕೈಗೆ ಇನ್ನೂ ಬಂದಿರಲಿಲ್ಲ. ನನ್ನ ಸಭೆಯಿಂದ ಊರಲ್ಲಿ ತಕರಾರು ಎದ್ದಿತೆಂದು ನಾನೇ ಬರೆದುಕೊಟ್ಟರೆ ಅದು ಬರುತ್ತಿತ್ತೇ? ಹೆದರಿದೆ. ಅದನ್ನು ಹೆದರಿಕೆಯೆಂದು ಆಗ ಒಪ್ಪಿಕೊಳ್ಳಲಿಲ್ಲ, ದೊಡ್ಡ ಕೆಲಸಕ್ಕೆ ಅಡ್ಡಿಯಾಗಬಾರದು ಎಂದುಕೊಂಡೆ.

“ಔರಾದದಿಂದ ಬಂದ ಮ್ಯಾಲ ನೋಡೂಣವ್ವ” ಎಂದೆ.

“ಅಷ್ಟೊತ್ತಿಗೆ ಪೇಶಿ ಮುಗದಿರ್ತದರಿ.”

ನನಗೂ ಅದು ಗೊತ್ತಿತ್ತು. ತರಗತಿಗೆ ಹೊತ್ತಾಯಿತೆಂದು ಒಳಗೆ ನಡೆದೆ.

ಔರಾದದಲ್ಲಿ ಕಣದ ಮಾತೇ ಎತ್ತಲಿಲ್ಲ. ಅಣು ಎಂದೆ, ಉರ್ದು ಓದಿದವರಿಗೆ ಜರ್ರಾ ಎಂದೆ. ಬಂದಿದ್ದ ಹತ್ತು ಹದಿನೈದು ಜನ ಹೊಗಳಿ ಹಾರ ಹಾಕಿದರು. ಅಷ್ಟರಲ್ಲಿ ಪೇಶಿ ಮುಗಿದು ಆಕೆಯ ಕಣ ಪಾಟೀಲನ ಹೆಸರಿಗೆ ಹೋಗಿತ್ತು. ಮುಂದೆ ನಾನು ಪರಮಾಣುವಿನ ಮೇಲೆ ಮೂರು ಪುಸ್ತಕ ಬರೆದೆ. ಆಕೆ ಕೇಳಿದ್ದು ಎರಡೇ ಸಾಲು.