ಅಳಿಸಬೇಡಿ ಎಂದು ಬರೆದಿದ್ದ ಕ್ಯಾಸೆಟ್

ನನ್ನ ಭಾವಮೈದನನ್ನು ಬೀದಿಯವರೆಲ್ಲ ಕರೆಯುವುದು ರೀಲು ಎಂದೇ. ರೀಲು ಬಿಡುವವನು ನಾನು, ಹೆಸರು ಬಿದ್ದದ್ದು ಅವನಿಗೆ. ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ ಡಿಸ್ಕ್ ಮಾಡಿಕೊಡುವುದು ಅವನ ಕಸುಬು. ಮಹಾ ಅಂಜುಬುರುಕ. ಕ್ಯಾಸೆಟ್ ಒಳಗೆ ಹೋಗುವಾಗ ಅವನ ಎದೆಬಡಿತಕ್ಕೆ ಗೋಡೆಯ ಸುಣ್ಣ ಉದುರಿ, ವರ್ಷಕ್ಕೆರಡು ಸಲ ಬಳಿಸಬೇಕಾಗುತ್ತದೆ. ಹಿಂದೊಮ್ಮೆ ಯಂತ್ರ ಯಾರದೋ ಮದುವೆಯನ್ನು ಪೂರ್ತಿ ಜಗಿದು ನುಂಗಿತ್ತು, ಅಂದಿನಿಂದ ಹೀಗೆ.

ಆ ಮಧ್ಯಾಹ್ನ ಬಸ್ ಡ್ರೈವರ್ ಒಬ್ಬರು ಒಂದೇ ಒಂದು ಕ್ಯಾಸೆಟ್ ತಂದರು. ಬೆನ್ನಿನ ಚೀಟಿಯಲ್ಲಿ ದುಂಡಕ್ಷರ: ಅಳಿಸಬೇಡಿ.

"ನನ್ನ ಹೆಂಡ್ತಿ ಬರ್ದಿದ್ದು. ಹೋಗಿ ಹನ್ನೊಂದು ವರ್ಷ ಆಯ್ತು. ಕ್ಯಾಮೆರಾ ಯಾವಾಗ್ಲೂ ಅವಳ ಕೈಲೇ, ಮುಖ ಇರಲ್ಲ. ಧ್ವನಿ ಇದ್ರೆ ಇದ್ರಲ್ಲೇ. ನಂಗೆ ಅದು ಮರ್ತೇ ಹೋಗಿದೆ ಅಣ್ಣ."

ರೀಲು ಮುಚ್ಚಳ ಎತ್ತಿ ನೋಡಿದ. ಟೇಪಿನ ಮೇಲೆ ಬಿಳೀ ಬೂಷ್ಟು. ಅವನ ಮುಖವೂ ಅದೇ ಬಣ್ಣಕ್ಕೆ ತಿರುಗಿತು.

"ಭಾವ, ಇದು ಹರಿದುಹೋಗುತ್ತೆ."

"ನಿನ್ನ ಬಾಯಿಗೆ ಬೂಷ್ಟು ಹಿಡೀಲಿ. ಒರೆಸು ಮೊದ್ಲು."

ಒರೆಸಿ, ತೂರಿಸಿದ. ಟೇಪು ಓಡುವಷ್ಟೇ ಹೊತ್ತು ಕಂಪ್ಯೂಟರಿಗೂ ಬೇಕು, ಅವಸರ ನಡೆಯದು. ಮೂವರೂ ಉಸಿರು ಬಿಗಿಹಿಡಿದು ಕೂತೆವು. ಬಳಸುವವರಿಲ್ಲದೆ ಕೋಣೆಯ ಗಾಳಿ ಬೇಸತ್ತು ಕಿಟಕಿಯಿಂದ ಎದ್ದುಹೋಯಿತು. ಪರದೆಯಲ್ಲಿ ಬಿಳಿಗೆರೆ, ಆಮೇಲೆ ತೊಟ್ಟಿಲಲ್ಲಿ ಮಗು. ಇಪ್ಪತ್ತು ನಿಮಿಷ ಮಾತೇ ಇಲ್ಲ.

ಆಗ ಯಂತ್ರ ಕರಕರ ಎಂದಿತು.

ರೀಲು ಥಟ್ಟನೆ ನಿಲ್ಲಿಸಿದ. ಟೇಪು ಒಳಗಿನ ಚಕ್ರಕ್ಕೆ ಸುತ್ತಿಕೊಂಡಿತ್ತು. ಡ್ರೈವರ್ ಕೂತಲ್ಲೇ ಬಲಗಾಲಿನಿಂದ ಇಲ್ಲದ ಬ್ರೇಕು ತುಳಿಯುತ್ತಿದ್ದರು. ರೀಲು ಯಂತ್ರ ಬಿಚ್ಚಿ, ಹೆಣ್ಣುಮಗುವಿನ ತಲೆಯ ಸಿಕ್ಕು ಬಿಡಿಸುವಂತೆ ಬಿಡಿಸಿದ. ಸುಕ್ಕನ್ನು ಬೆರಳಿನಿಂದ ತೀಡಿದ. ಜನ್ಮವಿಡೀ ನಡುಗಿದ ಕೈ ಆಗ ಮಾತ್ರ ನಡುಗಲಿಲ್ಲ.

"ಇನ್ನೊಂದ್ಸಲ ಓಡಬಹುದು," ಎಂದ. "ಅಷ್ಟೇ."

ಡ್ರೈವರ್ ಕಣ್ಣುಮುಚ್ಚಿ ತಲೆಯಾಡಿಸಿದರು.

ಓಡಿತು. ಪರದೆಯಲ್ಲಿ ಹರೆಯದ ಡ್ರೈವರ್ ಕಣ್ಣರಳಿಸಿ ಮಗುವನ್ನು ಹೆದರಿಸುತ್ತಿದ್ದರು. ಮಗು ತುಟಿ ಸೊಟ್ಟ ಮಾಡಿತು. ಕ್ಯಾಮೆರಾದ ಹಿಂದಿನಿಂದ, ಟೇಪಿನಷ್ಟೇ ಸುಕ್ಕಾಗಿ, ಒಂದು ಧ್ವನಿ:

"ರೀ, ಮಗೂನ ಅಳಿಸ್ಬೇಡಿ."

ಟಪ್ಪೆಂದು ಟೇಪು ಹರಿಯಿತು. ರೀಲು ಕಂಪ್ಯೂಟರಿನತ್ತ ಬಗ್ಗಿದ. ಅಷ್ಟು ಇಳಿದಿತ್ತು.

ಹೊರತೆಗೆದ ಕ್ಯಾಸೆಟ್ಟಿನ ಚೀಟಿಯನ್ನು ಡ್ರೈವರ್ ಹೆಬ್ಬೆರಳಿನಿಂದ ಸವರಿದರು. "ಇಷ್ಟು ವರ್ಷ ಟೇಪಿಗೆ ಹೇಳಿದ್ಳು ಅನ್ಕೊಂಡಿದ್ದೆ. ನಂಗೆ ಹೇಳಿದ್ದು."

ಆಮೇಲೆ, "ಡಿಸ್ಕಿನ ಮೇಲೂ ಅದೇ ಬರೀರಿ," ಎಂದರು.

ಅಷ್ಟರಲ್ಲಿ ರೀಲುವಿನ ಕೈ ನಡುಗತೊಡಗಿತ್ತು. ನಾನೇ ಬರೆದುಕೊಟ್ಟೆ.