ಹದಿನೆಂಟು ಮೆಟ್ಟಿಲು ಹತ್ತದ ಅಂದಾಜು

ಕಟ್ಟಡಗಳು ಎಷ್ಟು ಕರೆಂಟು ತಿನ್ನುತ್ತವೆ ಎಂದು ಅಳೆಯುವುದು ನನ್ನ ಕೆಲಸವಾಗಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಜಯನಗರದ ನಮ್ಮ ಪುಟ್ಟ ಆಫೀಸಿನಲ್ಲಿ ಅಳೆಯುವ ಸಾಮಾನಿಗಿಂತ ಧೈರ್ಯವೇ ಹೆಚ್ಚು. ಯಾವ ಕಟ್ಟಡಕ್ಕೆ ಹೋದರೂ ನಕ್ಷೆ ಇರುತ್ತಿರಲಿಲ್ಲ, ಹಳೆಯ ಬಿಲ್ಲುಗಳನ್ನು ಇಲಿ ಕಡಿದಿರುತ್ತಿತ್ತು. ಫಾರಂನ ಖಾಲಿ ಜಾಗಗಳನ್ನು ಅಂದಾಜಿನಿಂದ ತುಂಬುತ್ತಿದ್ದೆವು. "ಗೊತ್ತಿಲ್ದಿದ್ರೆ ಮನೇಲಿರೋರನ್ನ ಕೇಳ್ರೀ, ಇಲ್ಲಾಂದ್ರೆ ಮೆಟ್ಲು ಹತ್ತಿ ಕಣ್ಣಾರೆ ನೋಡ್ರೀ" ಎಂದು ಬಾಸ್ ದಿನಾ ಬಡಿದುಕೊಳ್ಳುತ್ತಿದ್ದರು. ಎಂಜಿನಿಯರ್ ಎಂಬ ಕೊಬ್ಬಿದ್ದ ನನಗೆ ಅದೆಲ್ಲ ಅಜ್ಜಿಯ ಬುದ್ಧಿಮಾತು.

ಆಗ ನಾವಿದ್ದದ್ದು ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ. ಕೆಳಗೆ ಓನರ್ ಆಂಟಿ, ನಡುವೆ ನಾನು ಮತ್ತು ಗದಗದಿಂದ ಬಂದಿದ್ದ ನನ್ನ ಅವ್ವ, ತಾರಸಿಯ ಒಂಟಿ ಕೋಣೆಯಲ್ಲಿ ಬ್ಲೌಸ್ ಹೊಲಿಯುವ ಒಬ್ಬ ಅಕ್ಕ. ಮೂರು ಮನೆಗೂ ಸೇರಿ ಒಂದೇ ಮೀಟರು. ಅವ್ವ ಬಂದ ತಿಂಗಳಲ್ಲೇ ಅಕ್ಕನೂ ಬಂದದ್ದು. ಅಂದಿನಿಂದ ಯೂನಿಟ್ಟು ಏರತೊಡಗಿತು.

"ಆ ಹೊಲಿಗೆ ಮೆಷಿನ್ನೇ ಕಣ್ರೀ! ಬೆಳಗ್ಗೆಯಿಂದ ಸಂಜೆವರೆಗೂ ಕಟಕಟ ಅಂತಿರತ್ತೆ. ನೀವೇ ಲೆಕ್ಕ ಹಾಕಿ. ಹೌದು ಅಂದ್ರೆ ರೂಮ್ ಖಾಲಿ ಮಾಡಿಸ್ತೀನಿ" ಎಂದರು ಆಂಟಿ. ಮಂಡಿನೋವಿನಿಂದ ಅವರು ತಾರಸಿ ಹತ್ತಿ ವರ್ಷಗಳೇ ಆಗಿದ್ದವು.

ನಮ್ಮ ಮನೆಯಿಂದ ತಾರಸಿಗಿದ್ದ ಆ ಹದಿನೆಂಟು ಮೆಟ್ಟಿಲು ನಾನೂ ಹತ್ತಲಿಲ್ಲ. ಸದ್ದು ಕೇಳುತ್ತಿತ್ತಲ್ಲ, ಸಾಕು. ಹೊಲಿಗೆ ಮೋಟರು ಎಂಟು ಗಂಟೆ ಎಂದು ಬರೆದೆ, ಫ್ಯಾನು ಹಗಲೂ ರಾತ್ರಿ ಎಂದು ಬರೆದೆ. ನಮ್ಮ ಗೀಸರಿಗೆ ಅರ್ಧ ಗಂಟೆ, ನನ್ನ ಸ್ನಾನಕ್ಕೆ ಅಷ್ಟೇ ತಾನೇ ಬೇಕು. ಕೂಡಿಸಿ ನೋಡಿದರೆ ತಪ್ಪು ತಾರಸಿಯದೇ. ದುಂಡಗಿನ ಅಕ್ಷರದಲ್ಲಿ ಬರೆದು ಆಂಟಿಯ ಕೈಗೆ ಕೊಟ್ಟೆ. ಅವರು ನಿಜವಾದ ಕಾರಣ ಹೇಳದೆ, ಕೋಣೆ ತಮಗೇ ಬೇಕು ಎಂದು ಅಕ್ಕನಿಗೆ ಹೇಳಿಬಿಟ್ಟರು. ಪಾಪ, ಅಕ್ಕ ತಿಲಕ್ ನಗರದ ಗಲ್ಲಿಗಳಲ್ಲಿ ಕೋಣೆ ಹುಡುಕತೊಡಗಿದರು.

ಅಷ್ಟಕ್ಕೇ ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಆಂಟಿಯೆದುರು ಪಾಂಡಿತ್ಯ ತೋರಿಸುವ ಚಪಲ. ಭಾನುವಾರ ಊಟವಾದ ಮೇಲೆ ಅವರನ್ನು ಮೀಟರಿನ ಮುಂದೆ ನಿಲ್ಲಿಸಿದೆ. ಕೆಳಗಿನ ಎರಡೂ ಮನೆಯ ಸ್ವಿಚ್ಚು ಆರಿಸಿ, ತಾರಸಿಯ ಫ್ಯೂಸ್ ಕಿತ್ತರೆ ಗಾಜಿನೊಳಗಿನ ಚಕ್ರ ನಿಲ್ಲಬೇಕು. ಫ್ಯೂಸ್ ಮತ್ತೆ ಹಾಕಿದರೆ ಅಕ್ಕನ ಪಾಲು ಎಷ್ಟೆಂದು ಕಾಣುತ್ತದೆ.

ಫ್ಯೂಸ್ ಕಿತ್ತೆ. ಚಕ್ರ ಬುಗುರಿಯಂತೆ ತಿರುಗುತ್ತಲೇ ಇತ್ತು.

"ಅವ್ವಾ, ಎಲ್ಲಾ ಬಂದ್ ಮಾಡೀಯೇನ?" ಎಂದು ಕೆಳಗಿನಿಂದ ಕೂಗಿದೆ.

"ಮಾಡೇನೋ! ದೇವ್ರ ಮುಂದಿನ ಬಲ್ಬು ಸೈತ ಆರ್ಸೇನಿ."

ಮೇಲೆ ನಮ್ಮ ಮನೆಗೆ ಓಡಿಹೋಗಿ ನೋಡಿದರೆ ಬಚ್ಚಲಿನಲ್ಲಿ ಗೀಸರಿನ ಕೆಂಪು ದೀಪ ಉರಿಯುತ್ತಿತ್ತು. ಅವ್ವ ಆಗಷ್ಟೇ ಅದರ ನೀರಿನಲ್ಲಿ ಪಾತ್ರೆ ತೊಳೆದು ಮುಗಿಸಿದ್ದಳು.

"ಮತ್ತ ಇದು?"

"ಅದು ಹಂಡೇವೋ, ಅದನ್ನ್ಯಾಕ ಆರಿಸ್ಲಿ? ಈ ಥಂಡಿ ಊರಾಗ ಬಂದ ಮಂದಿಗೆ ಕಾಲ್ ತೊಳಿಯಾಕ ಬಿಸಿನೀರ್ ಬ್ಯಾಡೇನು?"

ನಮ್ಮೂರ ಮನೆಯಲ್ಲಿ ಹಂಡೆಯ ಕೆಳಗಿನ ಬೆಂಕಿ ದಿನವಿಡೀ ಆರುತ್ತಿರಲಿಲ್ಲ. ನಾನು ಆರಿಸಿ ಆಫೀಸಿಗೆ ಹೊರಟ ಮೇಲೆ ಅವ್ವ ದಿನಾ ಗೀಸರು ಹಾಕಿಡುತ್ತಿದ್ದಳು. ಊರವರ ಕರೆಂಟಿನ ಲೆಕ್ಕವನ್ನೆಲ್ಲ ಬರೆಯುವ ನಾನು ಮನೆಯಲ್ಲೇ ಇದ್ದ ಅವಳನ್ನು ಒಂದು ಮಾತು ಕೇಳಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ.

ಕೆಳಗಿಳಿದು ವಿಷಯ ಹೇಳಿದಾಗ ಆಂಟಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಮುಖ ಸಣ್ಣದು ಮಾಡಿ, "ಹೋಗೋದ್ಬೇಡ, ಇರು ಅಂತ ಅವಳಿಗೆ ನೀವೇ ಹೇಳ್ಬಿಡಿ. ನಂಗೆ ಮೆಟ್ಲು ಹತ್ತಕ್ಕಾಗಲ್ಲ" ಎಂದರು.

ಮೊದಲ ಸಲ ಹದಿನೆಂಟು ಮೆಟ್ಟಿಲು ಹತ್ತಿದೆ. ಅಕ್ಕ ಮೆಷಿನ್ನಿಗೆ ಗೋಣಿಚೀಲ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ಎಲ್ಲವನ್ನೂ ಒಪ್ಪಿಕೊಂಡೆ. "ತಪ್ಪು ನಮ್ಮ ಗೀಸರ್‌ದು ಅಕ್ಕಾ. ನಿಮ್ಮ ಮೋಟರ್‌ಗೆ ಸುಮ್ಮನೆ ಎಂಟು ಗಂಟೆ ಬರೆದುಬಿಟ್ಟೆ."

"ಯಾವ ಮೋಟರ್ ಸಾರ್?"

ಅವರು ಗೋಣಿಚೀಲ ಸರಿಸಿದರು. ಕೆಳಗಿದ್ದದ್ದು ಕಬ್ಬಿಣದ ಪೆಡಲು. ವರ್ಷಾನುಗಟ್ಟಲೆ ತುಳಿದು ತುಳಿದು ಎರಡು ಪಾದದಗಲ ನುಣ್ಣಗಾಗಿತ್ತು. ಕುಕ್ಕರಗಾಲಲ್ಲಿ ಕೂತು ಹಗ್ಗದ ಗಂಟು ಬಿಚ್ಚತೊಡಗಿದೆ.

"ನನ್ನ ಕಾಲಿಗೆ ಎಷ್ಟು ಯೂನಿಟ್ ಹಾಕಿದ್ರಿ ಸಾರ್?" ಎಂದು ಅಕ್ಕ ಕೇಳಿದರು.