ನೀಲಿ ಹಾಳೆಯ ಕಿಟಕಿ

ಮನುಷ್ಯಕುಲದ ಚರಿತ್ರೆಯೆಂದರೆ ಗೋಡೆಗೆ ಕಿಂಡಿ ಕೊರೆಯುವುದು, ಆಮೇಲೆ ಕೊರೆದದ್ದಕ್ಕೆ ಪಶ್ಚಾತ್ತಾಪ ಪಡುವುದು. ನಮ್ಮ ಕಚೇರಿಯಲ್ಲಿ ಮೊದಲನೆಯ ಕೆಲಸವನ್ನು ಬ್ರಿಟಿಷರೇ ಮುಗಿಸಿ ಹೋಗಿದ್ದರು. ಎರಡನೆಯದಕ್ಕೆ ನನ್ನ ಕಾಲದಲ್ಲಿ ಟೆಂಡರ್ ಕರೆದರು.

ಹೆಬ್ಬಾಳದ ಹತ್ತಿರ ಹುಲ್ಲು, ಮೇವು ಅಂತ ಸಂಶೋಧನೆ ಮಾಡುವ ಪುಟ್ಟ ಕಚೇರಿ ಅದು. ನಾನು ಅಲ್ಲಿ ಸೂಪರಿಂಟೆಂಡೆಂಟ್. ಕಲ್ಲಿನ ಕಟ್ಟಡ, ತೇಗದ ಕಿಟಕಿಗಳು. ಪಾರಂಪರಿಕ ಕಟ್ಟಡವೆಂದು ಬೋರ್ಡು ಇದ್ದುದರಿಂದ ಕಿಟಕಿಗಳನ್ನು ಕೀಳುವಂತಿರಲಿಲ್ಲ. ಅವುಗಳ ಸಂದಿಯಿಂದ ಏಸಿಯ ತಂಪೆಲ್ಲ ಸೋರಿ ಹೋಗುತ್ತಿದ್ದುದರಿಂದ ಹಾಗೇ ಬಿಡುವಂತೆಯೂ ಇರಲಿಲ್ಲ. ಕರೆಂಟು ಉಳಿಸಿ ಎಂದು ಮೇಲಿನಿಂದ ಆದೇಶ ಬಂತು. ಹಳೆಯ ಕಿಟಕಿಗಳನ್ನು ಮುಟ್ಟದೆ, ಒಳಗಡೆಯಿಂದ ಜೋಡಿ ಗಾಜಿನ ಇನ್ನೊಂದು ಚೌಕಟ್ಟು ಕೂರಿಸಿ, ಗಾಳಿಯಾಡದಂತೆ ಭದ್ರವಾಗಿ ಮುಚ್ಚಿದರು. ನಿಜ ಹೇಳಬೇಕೆಂದರೆ ಯೋಜನೆ ಚೆನ್ನಾಗಿಯೇ ಇತ್ತು.

ಗೀರು ಬೀಳದಿರಲೆಂದು ಆ ಗಾಜುಗಳ ಮೇಲೆ ನೀಲಿ ಪ್ಲಾಸ್ಟಿಕ್ ಹಾಳೆ ಅಂಟಿಸಿತ್ತು. ಹೊಸ ಕಾರಿನ ಸೀಟಿನ ಮೇಲಿನ ಕವರನ್ನು ಅದು ತಾನಾಗಿ ಹರಿಯುವವರೆಗೂ ಕೀಳದ ಜನ ನಾವು. ಕಿತ್ತ ಕ್ಷಣವೇ ವಸ್ತು ಹಳತಾಯಿತು ಎಂಬುದು ನಮ್ಮ ಶಾಸ್ತ್ರ. ಎಂಜಿನಿಯರ್ ಸಾಹೇಬರು ಆ ಶಾಸ್ತ್ರಕ್ಕೆ ಸರ್ಕಾರದ ಮುದ್ರೆ ಒತ್ತಿದರು.

“ಮಂತ್ರಿಗಳು ಬಂದು ಉದ್ಘಾಟನೆ ಮಾಡೋವರ್ಗೂ ಯಾರೂ ಮುಟ್ಟಂಗಿಲ್ಲ ಕಣ್ರೀ. ಹೊಸದು ಹೊಸದ್ರ ಥರಾನೇ ಕಾಣ್ಬೇಕು.”

ಅದು ವಿಧಾನಸಭೆ ಚುನಾವಣೆಯ ವರ್ಷ. ನೀತಿಸಂಹಿತೆ ಬಂತು, ಉದ್ಘಾಟನೆ ಮುಂದೆ ಹೋಯಿತು. ಚುನಾವಣೆ ಮುಗಿಯಿತು, ಮಂತ್ರಿಗಳು ಮಾಜಿಯಾದರು. ಹೊಸಬರಿಗೆ ಹುಲ್ಲಿನ ಮೇಲೆ ಅಂಥ ಮೋಹವೇನೂ ಕಾಣಲಿಲ್ಲ. ವಿದ್ಯುತ್ ಉಳಿತಾಯದ ಕಿಟಕಿಗಳ ಪಕ್ಕದಲ್ಲಿ ನಾವು ಹಗಲಿಡೀ ಟ್ಯೂಬ್‌ಲೈಟ್ ಉರಿಸಿಕೊಂಡು ಕೂತೆವು.

ನಮಗೆ ಇದರಿಂದ ನಷ್ಟವೇನಿರಲಿಲ್ಲ. ಕಡತ ಯಾವ ಬೆಳಕಿನಲ್ಲೂ ಕಡತವೇ. ಪೆಟ್ಟು ಬಿದ್ದದ್ದು ನಮ್ಮ ಚಿತ್ರಗಾರ್ತಿ ಮೇಡಂಗೆ. ಹೆಸರಘಟ್ಟದ ಹುಲ್ಲುಗಾವಲಿನ ಹುಲ್ಲುಗಳನ್ನೆಲ್ಲ ಜಲವರ್ಣದಲ್ಲಿ ಬರೆದು ಪುಸ್ತಕ ಮಾಡುವ ಕೆಲಸ ಅವರದು. ತಲೆ ನೆರೆಯುವಷ್ಟು ಕಾಲ ಅದನ್ನೇ ಮಾಡಿದ್ದರು. ಮಳೆಗಾಲ ಕಳೆದು ಹೂ ಬಿಡುವ ಕೆಲವೇ ಜಾತಿಗಳು ಉಳಿದಿದ್ದವು. ಕಿತ್ತು ತಂದ ತೆನೆಯ ಬಣ್ಣ ಮಾಸುವ ಮೊದಲು, ಪೂರ್ವದ ಕಿಟಕಿಯ ಬೆಳಗಿನ ಬೆಳಕಿನಲ್ಲಿ ಅದನ್ನು ಬರೆಯಬೇಕು. ವರ್ಷದ ಕೊನೆಗೆ ಅವರ ನಿವೃತ್ತಿ. ಪುಸ್ತಕ ಮುಗಿಸಿಯೇ ಹೋಗಬೇಕೆಂಬುದು ಅವರ ಹಟ.

“ಬನ್ನಿ ಸಾರ್, ನೋಡಿ,” ಎಂದು ಒಂದು ದಿನ ಕರೆದರು. ಮೇಜಿನ ಮೇಲಿನ ತೆನೆ ನೀಲಿಯಾಗಿತ್ತು. “ಇದನ್ನ ಶ್ರೀಕೃಷ್ಣನ ಹಸುಗಳೇ ಮೇಯ್ಬೇಕು.”

“ಟ್ಯೂಬ್‌ಲೈಟ್ ಹಾಕ್ಕೊಂಡು ನೋಡಿ ಮೇಡಂ.”

“ಹಾಕಿದ್ರೆ ಕಾಮಾಲೆ ಬಂದಂಗೆ ಕಾಣತ್ತೆ. ಎರಡ್ರಲ್ಲಿ ಯಾವುದು ಬರೀಲಿ, ನೀವೇ ಹೇಳಿ.”

ವರಾಂಡದಲ್ಲಿ ಕೂತು ಬರೆದು ನೋಡಿದರು. ಏರ್‌ಪೋರ್ಟ್ ರಸ್ತೆಯ ಧೂಳು ಹಸಿ ಬಣ್ಣದ ಮೇಲೆ ಬಂದು ಕೂತು, ಇಲ್ಲದ ಬೀಜಗಳನ್ನು ಬಿತ್ತಿತು. ಒಂದು ದಿನ ನೀಲಿ ಹಾಳೆಯ ಮೂಲೆಯನ್ನು ಅಂಗೈಯಗಲ ಸುಲಿದರು. ಮಧ್ಯಾಹ್ನದೊಳಗೆ ಎಂಜಿನಿಯರ್ ಬಂದು, “ಯಾರ್ರೀ ಇದನ್ನ ಕಿತ್ತಿದ್ದು? ನಾಳೆ ನಾನ್ ಜವಾಬು ಕೊಡ್ಬೇಕು!” ಎಂದು ಟೇಪು ಹಚ್ಚಿ ಹೋದರು. ನಾನು ಎಂಜಿನಿಯರ್ ಸಾಹೇಬರ ಬಳಿ ಹೋಗಿ ಬೇಡಿಕೊಂಡೆ.

“ಇನ್ನೊಂದ್ ಸ್ವಲ್ಪ ದಿನ ಕಣ್ರೀ. ಡೇಟ್ ಸಿಗತ್ತೆ,” ಎಂದರು ಸಾಹೇಬರು. ಸೂಪರಿಂಟೆಂಡೆಂಟನ ಅಧಿಕಾರ ಬೀರುವಿನ ಬೀಗ ದಾಟಿ ಹೋಗುವುದಿಲ್ಲ. ವಾಪಸು ಬಂದು ಮೇಡಂಗೆ ಕಾಫಿ ತರಿಸಿದೆ. ನನ್ನಿಂದಾದದ್ದು ಅಷ್ಟೇ.

ಅವರು ಮಾತ್ರ ತೆನೆ ತರುವುದನ್ನು ಬಿಡಲಿಲ್ಲ. ಬೆಳಿಗ್ಗೆ ಲೋಟದಲ್ಲಿ ಇಟ್ಟು, ಸಂಜೆ ಬಾಡಿದ್ದನ್ನು ಎಸೆಯುತ್ತಿದ್ದರು. ಕಾಗದದ ಮೇಲೆ ಪೆನ್ಸಿಲಿನ ಗೆರೆ ಬೀಳುತ್ತಿತ್ತು, ಬಣ್ಣ ಬೀಳುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಉದ್ಘಾಟನೆಯೇ ಇಲ್ಲವೆಂದು ತೀರ್ಮಾನವಾಯಿತು. “ಈಗ ಕಿತ್ಕೊಳ್ಳಿ,” ಎಂದರು ಎಂಜಿನಿಯರ್, ವರ ಕೊಡುವವರ ಹಾಗೆ. ಬಿಸಿಲಿಗೆ ಬೆಂದು ಹಾಳೆ ಗಾಜಿಗೆ ಕಚ್ಚಿಕೊಂಡಿತ್ತು. ಮೇಡಂ ಉಗುರಿನಿಂದ ಕೆರೆದರು, ನಾನು ಸ್ಕೇಲಿನಿಂದ ಕೆರೆದೆ. ಚೂರುಚೂರಾಗಿ ಎದ್ದು ಬಂದರೂ ಅಂಟು ಮಾತ್ರ ಗಾಜಿನ ಮೇಲೆ ಮಂಜಿನ ಹಾಗೆ ಉಳಿಯಿತು. ಅಷ್ಟರಲ್ಲಿ ಹೆಸರಘಟ್ಟದ ಹುಲ್ಲೂ ಒಣಗಿತ್ತು.

ತಿಂಗಳ ಕೊನೆಗೆ ಅವರು ನಿವೃತ್ತರಾದರು. ಮರುವರ್ಷ ಪುಸ್ತಕ ಅಚ್ಚಾಯಿತು. ಉಳಿದ ಹುಲ್ಲುಗಳಿಗೆ ಫೋಟೋ ಹಾಕಿದರು.